ಹೊರಿಸುವ ಮಾತು, ಒಲಿಸುವ ಮಾತು

ಪೊಲೀಸರು ಒಬ್ಬನನ್ನು ಹಿಡಿದು ಠಾಣೆಗೆ ಕರೆದೊಯ್ಯುತ್ತಾರೆ. ಸುದ್ದಿಸಂಸ್ಥೆಯ ಇಂಗ್ಲಿಷ್ ವರದಿಯಲ್ಲಿ ಅವನು ‘ಅಕ್ಯೂಸ್ಡ್’. ಅದೇ ವರದಿ ಕನ್ನಡ ಪತ್ರಿಕೆಯ ರಾತ್ರಿ ಪಾಳಿಯ ಉಪಸಂಪಾದಕರ ಮೇಜಿಗೆ ಬಂದಾಗ ಅವನು ‘ಆರೋಪಿ’ಯಾಗಬಹುದು, ‘ಆಪಾದಿತ’ನಾಗಬಹುದು. ಪುಟದಲ್ಲಿ ಜಾಗ ಕಡಿಮೆಯಿದ್ದು ಅಚ್ಚಿಗೆ ಹೊತ್ತಾಗಿದ್ದರೆ ‘ಕಳ್ಳನ ಸೆರೆ’ ಎಂಬ ತಲೆಬರಹದ ಕೆಳಗೆ ಅವನು ಕಳ್ಳನೇ ಆಗಿಬಿಡುತ್ತಾನೆ. ಕೆಲವು ವರ್ಷಗಳ ಮೇಲೆ ನ್ಯಾಯಾಲಯ ಅವನನ್ನು ನಿರ್ದೋಷಿಯೆಂದು ಬಿಟ್ಟರೆ ಆ ಸುದ್ದಿ ಒಳಪುಟದಲ್ಲಿ ನಾಲ್ಕು ಸಾಲು ಬಂದರೆ ಬಂತು. ಊರಿನವರು ನೆನಪಿಟ್ಟುಕೊಂಡಿರುವುದು ಹಳೆಯ ತಲೆಬರಹವನ್ನು.

ಪದಗಳ ನಡುವಿನ ಇಂಥ ಸಣ್ಣ ಅಂತರಗಳು ಪಂಡಿತರ ಕಾಲಹರಣವೆಂದು ತೋರಬಹುದು. ಆದರೆ ಒಬ್ಬರ ಮೇಲೆ ದೋಷ ಹೊರಿಸುವ ಮಾತಿನಲ್ಲಿ ಮತ್ತು ಒಬ್ಬರ ಮನಸ್ಸನ್ನು ತಿರುಗಿಸುವ ಮಾತಿನಲ್ಲಿ ಈ ಅಂತರಕ್ಕೆ ಮಾನದ ಬೆಲೆ ಉಂಟು, ಕೆಲವೊಮ್ಮೆ ಪ್ರಾಣದ ಬೆಲೆಯೂ ಉಂಟು. ಇಂಗ್ಲಿಷಿನಲ್ಲಿ ಈ ಎರಡು ಬಗೆಯ ಕ್ರಿಯಾಪದಗಳ ದೊಡ್ಡ ಪಡೆಯೇ ಇದೆ. ಅವುಗಳಲ್ಲಿ ಬಹುಪಾಲು ಮೂಲತಃ ಇಂಗ್ಲಿಷಿನವಲ್ಲ. ‘ದೂರು’ ಎಂಬ ಅರ್ಥದಲ್ಲಿ ಹಳೆಯ ಇಂಗ್ಲಿಷಿಗೆ ‘ವ್ರೇಗನ್’ ಎಂಬ ಸ್ವಂತ ಪದವಿತ್ತು. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ ಕೋರ್ಟುಗಳಿಗೆ ಫ್ರೆಂಚ್ ಹೊಕ್ಕಿತು, ಅದರ ಬೆನ್ನಿಗೆ ಲ್ಯಾಟಿನ್ ಇದ್ದೇ ಇತ್ತು. ಹಳೆಯ ಪದ ಕಾಲಕ್ರಮದಲ್ಲಿ ಸತ್ತುಹೋಯಿತು. ನಮ್ಮಲ್ಲಿ ಅಮಲ್ದಾರಿ, ಜಪ್ತಿ, ಜಾಮೀನುಗಳು ಕಚೇರಿಯ ಬಾಗಿಲಿನಿಂದ ಬಂದು ಮನೆಮಾತಿನಲ್ಲಿ ನೆಲೆಸಿದಂತೆ ಅಲ್ಲಿಯೂ ಆಯಿತು.

ಮೊದಲು ‘ಅಕ್ಯೂಸ್’. ಇದರೊಳಗೆ ‘ಕಾಸಾ’ ಎಂಬ ಲ್ಯಾಟಿನ್ ಪದವಿದೆ. ಕಾರಣ ಎಂದೂ, ನ್ಯಾಯಾಲಯದ ವ್ಯಾಜ್ಯ ಎಂದೂ ಅದಕ್ಕೆ ಎರಡರ್ಥ. ಒಬ್ಬನನ್ನು ಕರೆದು ಕಾರಣ ಕೊಡು ಎನ್ನುವುದೇ ಅಕ್ಯೂಸ್. ಇದೇ ಎರಡರ್ಥದಿಂದ ವ್ಯಾಕರಣದಲ್ಲಿ ಒಂದು ತಮಾಷೆ ನಡೆದುಹೋಗಿದೆ. ಕ್ರಿಯೆಯ ಪರಿಣಾಮ ಯಾವುದರ ಮೇಲೆ ಆಗುತ್ತದೋ ಆ ವಿಭಕ್ತಿಗೆ ಗ್ರೀಕರು ಕೊಟ್ಟ ಹೆಸರು ಅವರ ಕಾರಣವಾಚಕ ಪದದಿಂದ ಹುಟ್ಟಿದ್ದು. ಗ್ರೀಕಿನ ಆ ಪದಕ್ಕೂ ಕಾರಣ, ದೋಷಾರೋಪ ಎಂಬ ಎರಡರ್ಥಗಳಿದ್ದವು. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ವಿದ್ವಾಂಸ ವಾರೋ ಅದನ್ನು ಲ್ಯಾಟಿನ್ನಿಗೆ ತರುವಾಗ ತಪ್ಪು ಅರ್ಥವನ್ನು ಹಿಡಿದ. ಹೀಗಾಗಿ ನಮ್ಮ ಮಕ್ಕಳು ‘ರಾಮನನ್ನು’, ‘ಮರವನ್ನು’ ಎಂದು ಕಲಿಯುವ ದ್ವಿತೀಯಾ ವಿಭಕ್ತಿ ಇಂಗ್ಲಿಷ್ ವ್ಯಾಕರಣದಲ್ಲಿ ಇಂದಿಗೂ ‘ಅಕ್ಯೂಸೆಟಿವ್’, ಅಂದರೆ ದೂರುವ ವಿಭಕ್ತಿ. ಮರ ಮಾಡಿದ ತಪ್ಪೇನು ಎಂದು ಯಾರೂ ಕೇಳುವುದಿಲ್ಲ. ನಮ್ಮ ವ್ಯಾಕರಣಕಾರರು ಅದನ್ನು ಕರ್ಮ ಎಂದು ಕರೆದು ಕೈತೊಳೆದುಕೊಂಡದ್ದು ಲೇಸಾಯಿತು.

ಅಕ್ಯೂಸ್ ಮಾಡಲು ಅಧಿಕಾರ ಬೇಕಿಲ್ಲ. ಬೀದಿಯಲ್ಲಿ ನಿಂತ ಯಾರು ಬೇಕಾದರೂ ಮಾಡಬಹುದು. ‘ಚಾರ್ಜ್’ ಮಾಡುವುದಕ್ಕೆ ಮಾತ್ರ ಕಾನೂನಿನ ಕೈ ಬೇಕು. ಈ ಭೇದವನ್ನು ಅರಿಯಲು ಫ್ರಾನ್ಸಿನ ಒಂದು ಪ್ರಸಂಗಕ್ಕಿಂತ ಉತ್ತಮ ಪಾಠ ಸಿಗಲಾರದು. ಸೇನೆಯ ಗುಟ್ಟನ್ನು ಜರ್ಮನಿಗೆ ಮಾರಿದನೆಂದು ಯೆಹೂದಿ ಅಧಿಕಾರಿ ಕ್ಯಾಪ್ಟನ್ ಡ್ರೇಫಸನನ್ನು 1894ರಲ್ಲಿ ಸೇನಾ ನ್ಯಾಯಾಲಯ ಅಪರಾಧಿಯೆಂದು ತೀರ್ಮಾನಿಸಿ ದೂರದ ದ್ವೀಪಕ್ಕೆ ಗಡಿಪಾರು ಮಾಡಿತು. ನಿಜವಾದ ಕೈವಾಡ ಎಸ್ಟರ್‌ಹಾಜಿ ಎಂಬ ಮತ್ತೊಬ್ಬ ಅಧಿಕಾರಿಯದು. ಅವನ ವಿಚಾರಣೆಯೂ ನಡೆದು 1898ರ ಜನವರಿ 11ರಂದು ಅವನಿಗೆ ಬಿಡುಗಡೆಯಾಯಿತು. ಎರಡೇ ದಿನದಲ್ಲಿ, ಜನವರಿ 13ರಂದು, ಕಾದಂಬರಿಕಾರ ಎಮಿಲ್ ಜೋಲಾ ರಾಷ್ಟ್ರಾಧ್ಯಕ್ಷರಿಗೆ ಬರೆದ ಬಹಿರಂಗ ಪತ್ರ ‘ಲೋರೋರ್’ ಪತ್ರಿಕೆಯ ಮುಖಪುಟದಲ್ಲಿ ಪ್ರಕಟವಾಯಿತು. ‘ಆರೋಪಿಸುತ್ತೇನೆ’ ಎಂಬರ್ಥದ ಅದರ ತಲೆಬರಹ ಪತ್ರಿಕೆಯ ಕ್ಲೆಮೆನ್ಸೋ ಕೊಟ್ಟದ್ದು. ಜೋಲಾ ಪತ್ರದ ಕೊನೆಯಲ್ಲಿ ಸೇನಾಧಿಕಾರಿಗಳನ್ನು ಒಬ್ಬೊಬ್ಬರನ್ನಾಗಿ ಹೆಸರಿಸಿ, ಪ್ರತಿ ಸಲವೂ ಅದೇ ಕ್ರಿಯಾಪದದಿಂದ ಆರಂಭಿಸಿ ದೋಷ ಹೊರಿಸುತ್ತ ಹೋದ.

ಅವನಿಗೆ ಅಧಿಕಾರವಿರಲಿಲ್ಲ, ಆದ್ದರಿಂದ ಚಾರ್ಜ್ ಮಾಡುವಂತಿರಲಿಲ್ಲ. ಅವನ ಉಪಾಯವೇ ಬೇರೆ. ತಾನು ಅಕ್ಯೂಸ್ ಮಾಡಿದರೆ ಸರ್ಕಾರ ಮಾನನಷ್ಟದ ಕಾನೂನಿನಡಿ ತನ್ನನ್ನು ಚಾರ್ಜ್ ಮಾಡಲೇಬೇಕು, ಆಗ ಡ್ರೇಫಸನ ಸಂಗತಿ ಬಾಗಿಲು ತೆರೆದ ಕೋರ್ಟಿನಲ್ಲಿ ಚರ್ಚೆಗೆ ಬಂದೇ ಬರುತ್ತದೆ ಎಂಬುದು ಲೆಕ್ಕಾಚಾರ. ಹಾಗೆಯೇ ಆಯಿತು. ಫೆಬ್ರವರಿಯಲ್ಲಿ ಜೋಲಾಗೆ ಒಂದು ವರ್ಷದ ಸಜೆ, ಮೂರು ಸಾವಿರ ಫ್ರಾಂಕ್ ದಂಡ. ಅವನು ಇಂಗ್ಲೆಂಡಿಗೆ ತಪ್ಪಿಸಿಕೊಂಡು ಹೋದ. ಡ್ರೇಫಸ್ ನಿರ್ದೋಷಿಯೆಂದು ಸಾರಿದ್ದು 1906ರಲ್ಲಿ. ಅದನ್ನು ಕಾಣಲು ಜೋಲಾ ಉಳಿದಿರಲಿಲ್ಲ, 1902ರಲ್ಲೇ ತೀರಿಕೊಂಡಿದ್ದ.

‘ಚಾರ್ಜ್’ ಕನ್ನಡಿಗರಿಗೆ ಹೊಸಬನಲ್ಲ. ಬಸ್ ಚಾರ್ಜು, ಮೊಬೈಲ್ ಚಾರ್ಜು, ಲಾಠಿ ಚಾರ್ಜು, ಹೊಸ ಸಾಹೇಬರು ಚಾರ್ಜು ತೆಗೆದುಕೊಳ್ಳುವುದು, ಕೊನೆಗೆ ಚಾರ್ಜ್‌ಶೀಟು. ಇವೆಲ್ಲ ಒಂದೇ ಗಾಡಿಯಿಂದ ಇಳಿದವು. ಗಾಡಿ ಎಂಬ ಅರ್ಥದ ಲ್ಯಾಟಿನ್ ಪದದಿಂದ ‘ಗಾಡಿಗೆ ಹೇರು’ ಎಂಬ ಕ್ರಿಯಾಪದ ಹುಟ್ಟಿ, ಫ್ರೆಂಚಿನಲ್ಲಿ ಸವೆದು ಚಾರ್ಜ್ ಆಯಿತು. ರಸ್ತೆಯಲ್ಲಿ ಓಡುವ ಕಾರು ಇದಕ್ಕೆ ದಾಯಾದಿ. ಮಕ್ಕಳು ಪರೀಕ್ಷೆಯಲ್ಲಿ ತಡವರಿಸುವ ಒಂದು ಒಗಟೂ ಇಲ್ಲಿ ಬಿಡಿಸಿಕೊಳ್ಳುತ್ತದೆ. ಅಕ್ಯೂಸ್ ಆದ ಮೇಲೆ ‘ಆಫ್’ ಬರಬೇಕು, ಚಾರ್ಜ್ ಆದ ಮೇಲೆ ‘ವಿತ್’ ಬರಬೇಕು ಎಂದು ಮೇಷ್ಟರು ಬಾಯಿಪಾಠ ಮಾಡಿಸುತ್ತಾರೆ. ಗಾಡಿಯನ್ನು ಭತ್ತದಿಂದ ತುಂಬಿದಂತೆ ಮನುಷ್ಯನನ್ನು ಅಪರಾಧದಿಂದ ತುಂಬುತ್ತಾರೆಂದು ಒಮ್ಮೆ ಹೇಳಿಬಿಟ್ಟರೆ ಬಾಯಿಪಾಠ ಬೇಕಾಗುವುದಿಲ್ಲ.

ಕನ್ನಡವೂ ತನ್ನಷ್ಟಕ್ಕೆ ತಾನೇ ಇದೇ ಚಿತ್ರವನ್ನು ಬರೆದುಕೊಂಡಿದೆ. ದೋಷ ‘ಹೊರಿಸು’ ಎಂದರೆ ಹೊರೆಯನ್ನು ತಲೆಗೇರಿಸುವುದೇ ತಾನೆ? ಇನ್ನೊಬ್ಬರ ತಪ್ಪನ್ನು ಅಮಾಯಕನ ಮೇಲೆ ಹಾಕಿದರೆ ‘ಗೂಬೆ ಕೂರಿಸಿದರು’ ಎನ್ನುತ್ತೇವೆ. ಈ ನುಡಿಗಟ್ಟಿಗೆ ಸಮನಾದದ್ದು ಇಂಗ್ಲಿಷಿನಲ್ಲಿ ಹುಡುಕಿದರೂ ಸಿಗದು. ಅಪಶಕುನದ ಹಕ್ಕಿಯನ್ನು ತಲೆಯ ಮೇಲೆ ಇಟ್ಟುಕೊಂಡು ಊರಿನಲ್ಲಿ ತಿರುಗಬೇಕಾದವನ ಪಾಡು ಅದರಲ್ಲಿದೆ. ಸಂಸ್ಕೃತದ ‘ಆರೋಪ’ವೂ ಒಂದರ ಮೇಲೆ ಇನ್ನೊಂದನ್ನು ಏರಿಸುವುದೇ. ಅಲಂಕಾರಶಾಸ್ತ್ರದಲ್ಲಿ ಮುಖದ ಮೇಲೆ ಚಂದ್ರನನ್ನು ಆರೋಪಿಸಿದರೆ ರೂಪಕ. ಅಂದರೆ ಮುಖ ಚಂದ್ರನಲ್ಲ, ಏರಿಸಿದ್ದಷ್ಟೆ ಎಂಬ ಅರಿವು ಈ ಪದದ ಹೊಟ್ಟೆಯಲ್ಲೇ ಇತ್ತು.

ಆ ಅರಿವು ‘ಆರೋಪಿ’ಯಲ್ಲಿ ಉಳಿದಿದೆಯೇ ಎಂಬುದು ಪ್ರಶ್ನೆ. ತ್ಯಾಗ ಮಾಡುವವನು ತ್ಯಾಗಿ. ಆ ಜಾಡಿನಲ್ಲಿ ಹೋದರೆ ಆರೋಪ ಮಾಡುವವನು ಆರೋಪಿಯಾಗಬೇಕು, ದೂರು ಕೊಟ್ಟವನೇ ಕಟಕಟೆಗೆ ಬರಬೇಕು! ಹಾಗಲ್ಲ, ರೋಗವುಳ್ಳವನು ರೋಗಿಯಾದಂತೆ ಆರೋಪವುಳ್ಳವನು ಆರೋಪಿ ಎಂದು ಸಮರ್ಥಿಸಬಹುದು. ವ್ಯಾಕರಣ ಅದನ್ನು ಒಪ್ಪೀತು. ಆದರೆ ಆ ಸಮರ್ಥನೆಯಲ್ಲೇ ತೊಡಕಿದೆ. ರೋಗ ರೋಗಿಯ ಮೈಯಲ್ಲಿ ಇರುವಂಥದು. ಆರೋಪ ಇರುವುದು ಹೇಳಿದವರ ಬಾಯಲ್ಲಿ. ‘ಅಪರಾಧಿ’ಯ ಪ್ರಾಸಕ್ಕೆ ಸರಿಯಾಗಿ ‘ಆರೋಪಿ’ ಕೇಳಿಸುವುದರಿಂದ ಕಿವಿ ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ. ಇಂಗ್ಲಿಷಿನ ‘ಅಕ್ಯೂಸ್ಡ್’ ಹಾಗಲ್ಲ. ಅವನು ಏನನ್ನೋ ಮಾಡಿದವನು ಎಂದು ಅದು ಹೇಳುವುದಿಲ್ಲ, ಅವನಿಗೆ ಏನೋ ಮಾಡಲಾಗಿದೆ ಎಂದಷ್ಟೇ ಹೇಳುತ್ತದೆ. ಆ ಕೆಲಸವನ್ನು ಕನ್ನಡದಲ್ಲಿ ‘ಆಪಾದಿತ’, ‘ಆರೋಪಿತ’ ಎಂಬ ರೂಪಗಳು ಮಾಡುತ್ತವೆ. ಒಂದು ‘ತ’ಕಾರದ ಮಾತು ನಿಜ, ಆದರೆ ಒಬ್ಬನ ಪಾಲಿಗೆ ಅದು ಬರೀ ಅಕ್ಷರವಲ್ಲ.

ಚಾರ್ಜ್‌ಶೀಟಿನ ಬಗ್ಗೆಯೂ ಇಂಥದೇ ಭ್ರಮೆಯಿದೆ. ಅದನ್ನು ಕೊಡುವುದು ಪೊಲೀಸರು. 1973ರ ದಂಡ ಪ್ರಕ್ರಿಯಾ ಸಂಹಿತೆ ಅದನ್ನು ಪೊಲೀಸ್ ವರದಿ ಎಂದಷ್ಟೇ ಕರೆದಿತ್ತು. ಕಾನೂನಿನ ಅರ್ಥದಲ್ಲಿ ಚಾರ್ಜನ್ನು ರೂಪಿಸುವುದು ನ್ಯಾಯಾಧೀಶರು. ವರದಿಯಲ್ಲಿ ಹುರುಳಿಲ್ಲವೆಂದು ಕಂಡರೆ ಅವರು ‘ಡಿಸ್‌ಚಾರ್ಜ್’ ಮಾಡಬಹುದು. ಹೇರಿದ್ದನ್ನು ಇಳಿಸುವುದು ಎಂಬುದೇ ಆ ಪದದ ಮೂಲಾರ್ಥ. ಪೂರ್ತಿ ವಿಚಾರಣೆ ನಡೆದ ಮೇಲೆ ನಿರ್ದೋಷಿ ಎಂದರೆ ಅದು ಬೇರೆ, ಅದಕ್ಕೆ ‘ಖುಲಾಸೆ’ ಎಂಬ ಪದ ನಮ್ಮಲ್ಲಿದೆ. ಪತ್ರಿಕೆಗಳಲ್ಲಿ ಎರಡೂ ‘ಬಿಡುಗಡೆ’ಯೇ. ಜಾಮೀನು ಸಿಕ್ಕರೂ ಬಿಡುಗಡೆಯೇ.

‘ಇಂಡಿಕ್ಟ್’ ಎಂದು ಬರೆದಂತೆ ಓದುವ ಪದ ಇಂಗ್ಲಿಷರ ಬಾಯಲ್ಲಿ ‘ಇಂಡೈಟ್’. ಫ್ರೆಂಚಿನಿಂದ ಬಂದಾಗ ಅದರಲ್ಲಿ ಇಲ್ಲದ ‘ಸಿ’ ಅಕ್ಷರವನ್ನು ಲ್ಯಾಟಿನ್ ವ್ಯಾಮೋಹದ ವಿದ್ವಾಂಸರು ಆಮೇಲೆ ತುರುಕಿದರು, ನಾಲಗೆ ಒಪ್ಪಲಿಲ್ಲ. ಅದಕ್ಕಿಂತ ಹೆಚ್ಚು ಹೇಳಬೇಕಾದದ್ದು ‘ಇಂಪೀಚ್’ ಬಗ್ಗೆ. ಕಾಲಿಗೆ ತೊಡಿಸುವ ಸಂಕೋಲೆ ಎಂಬ ಲ್ಯಾಟಿನ್ ಪದ ಇದರ ತಾಯಿ. ಆ ಪದದೊಳಗಿನ ಕಾಲೂ ನಮ್ಮ ‘ಪಾದ’ವೂ ಒಂದೇ ಬಳ್ಳಿಯವು. ಕಾಲು ತೊಡರಿಸಿ ನಿಲ್ಲಿಸುವುದು, ಅಷ್ಟೇ. ತಳ್ಳುವುದಲ್ಲ, ಕೆಡಹುವುದೂ ಅಲ್ಲ.

ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸನ ಪ್ರಕರಣದಲ್ಲಿ ಈ ಪದದ ತೂಕ ಕಾಣುತ್ತದೆ. ಭಾರತದಲ್ಲಿ ನಡೆಸಿದ ದಬ್ಬಾಳಿಕೆ, ಲಂಚಗಳಿಗಾಗಿ ಇಂಗ್ಲೆಂಡಿನ ಕೆಳಮನೆ ಅವನನ್ನು ಇಂಪೀಚ್ ಮಾಡಿತು. ಮೇಲ್ಮನೆಯ ಲಾರ್ಡುಗಳ ಮುಂದೆ ವಿಚಾರಣೆ ಆರಂಭವಾದದ್ದು 1788ರ ಫೆಬ್ರವರಿ 13ರಂದು, ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ. ಎಡ್ಮಂಡ್ ಬರ್ಕ್ ತನ್ನ ಪ್ರಾರಂಭದ ಭಾಷಣವನ್ನು ಮುಗಿಸುವಾಗ ಕೆಳಮನೆಯ ಹೆಸರಿನಲ್ಲಿ, ಭಾರತದ ಜನರ ಹೆಸರಿನಲ್ಲಿ, ಮನುಷ್ಯಸ್ವಭಾವದ ಹೆಸರಿನಲ್ಲಿ ಎಂದು ಮತ್ತೆ ಮತ್ತೆ ಅದೇ ಕ್ರಿಯಾಪದವನ್ನು ಸುತ್ತಿಗೆಯಂತೆ ಹೊಡೆದ. ಬರ್ಕ್ ಹೊರಿಸುವವನು. ಒಲಿಸುವ ಕೆಲಸ ನಾಟಕಕಾರ ಶೆರಿಡನ್ನನದು. ಔಧದ ಬೇಗಂಗಳ ಸುಲಿಗೆಯನ್ನು ಕುರಿತ ಅವನ ಮಾತನ್ನು ಕೇಳಲು ಒಂದು ಟಿಕೆಟ್ಟಿಗೆ 50 ಗಿನಿಯವರೆಗೆ ಕೊಟ್ಟವರಿದ್ದರು. ಇಷ್ಟಾಗಿ, ಏಳು ವರ್ಷಗಳ ಮೇಲೆ 1795ರ ಏಪ್ರಿಲ್ 23ರಂದು ಹೇಸ್ಟಿಂಗ್ಸ್ ಖುಲಾಸೆಯಾದ. ವಕೀಲರಿಗೆ ಸುಮಾರು 70 ಸಾವಿರ ಪೌಂಡ್ ಸುರಿದು ಬರಿಗೈಯಾಗಿದ್ದ. ಭಾರತದಲ್ಲಿ ನೊಂದವರಿಗೂ ನ್ಯಾಯ ದಕ್ಕಲಿಲ್ಲ.

ಇಂಪೀಚ್ ಆದವನು ಪದವಿ ಕಳೆದುಕೊಂಡವನು ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬಲವಾಗಿದೆ. ಅಮೆರಿಕದ ಅಧ್ಯಕ್ಷ ಕ್ಲಿಂಟನ್ 1998ರ ಡಿಸೆಂಬರಿನಲ್ಲಿ ಇಂಪೀಚ್ ಆದರು, 1999ರ ಫೆಬ್ರವರಿಯಲ್ಲಿ ಖುಲಾಸೆಯಾಗಿ ಅವಧಿ ಮುಗಿಸಿದರು. ಟ್ರಂಪ್ 2019ರಲ್ಲಿ ಒಮ್ಮೆ, 2021ರಲ್ಲಿ ಮತ್ತೊಮ್ಮೆ ಇಂಪೀಚ್ ಆಗಿ ಎರಡು ಸಲವೂ ಖುಲಾಸೆಯಾದರು. ನಿಕ್ಸನ್ ಇಂಪೀಚ್ ಆಗಲೇ ಇಲ್ಲ, ಅದಕ್ಕೆ ಮೊದಲೇ 1974ರ ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟರು. ತಪ್ಪು ತಿಳಿವಳಿಕೆಗೆ ಕನ್ನಡದ ‘ವಾಗ್ದಂಡನೆ’ಯೂ ಸ್ವಲ್ಪ ಹೊಣೆ. ಆರೋಪದ ಮೊದಲ ಮೆಟ್ಟಿಲಿನಲ್ಲೇ ಈ ಪದ ದಂಡನೆಯನ್ನು ಮುಗಿಸಿಬಿಡುತ್ತದೆ. ‘ಮಹಾಭಿಯೋಗ’ ಗಡಸಾದರೂ ಅರ್ಥಕ್ಕೆ ಹತ್ತಿರ. ನಮ್ಮ ಸಂವಿಧಾನ ಇಂಪೀಚ್‌ಮೆಂಟ್ ಎಂಬ ಮಾತನ್ನು ರಾಷ್ಟ್ರಪತಿಯ ವಿಷಯದಲ್ಲಿ, 61ನೆಯ ವಿಧಿಯಲ್ಲಿ ಬಳಸುತ್ತದೆ. ಸುಪ್ರೀಂ ಕೋರ್ಟಿನ ನ್ಯಾಯಾಧೀಶರ ವಿಷಯದಲ್ಲಿ 124ನೆಯ ವಿಧಿ ಹೇಳುವುದು ಪದಚ್ಯುತಿಯನ್ನು ಮಾತ್ರ. 1993ರ ಮೇ ತಿಂಗಳಿನಲ್ಲಿ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರ ವಿರುದ್ಧದ ನಿರ್ಣಯ ಲೋಕಸಭೆಯಲ್ಲಿ ಬಿದ್ದುಹೋದಾಗ ಜನ ಅದನ್ನು ಇಂಪೀಚ್‌ಮೆಂಟ್ ಎಂದೇ ಕರೆದರು, ಈಗಲೂ ಕರೆಯುತ್ತಾರೆ.

ಕೋರ್ಟಿನ ಹೊಸ್ತಿಲು ತುಳಿಯದ ದೂಷಣೆಗೆ ‘ಬ್ಲೇಮ್’ ಸಾಕು. ಇದು ದೇವನಿಂದೆಯನ್ನು ಹೇಳುವ ‘ಬ್ಲಾಸ್ಫೀಮ್’ ಪದದ ಒಡಹುಟ್ಟು. ಗುಡಿಯ ಮಾತು ಸವೆದು ಅಡಿಗೆಮನೆಯ ಮಾತಾಯಿತು. ನಮ್ಮಲ್ಲಿ ಭಾದ್ರಪದದ ಚೌತಿಯ ಚಂದ್ರನನ್ನು ನೋಡಿದರೆ ಅಪವಾದ ತಪ್ಪದೆಂದು ಮಕ್ಕಳ ಕಣ್ಣು ಮುಚ್ಚುತ್ತಾರಲ್ಲ, ಆ ಅಪವಾದವೂ ಈ ಜಾತಿಯದೇ. ಶ್ಯಮಂತಕ ಮಣಿಗಾಗಿ ಕೃಷ್ಣನ ಮೇಲೆ ಯಾರೂ ಮೊಕದ್ದಮೆ ಹೂಡಲಿಲ್ಲ. ಊರು ಪಿಸುಗುಟ್ಟಿತು, ಅಷ್ಟರಿಂದಲೇ ಅವನು ಕಾಡಿಗೆ ಹೋಗಿ ಮಣಿಯನ್ನು ಹುಡುಕಿ ತರಬೇಕಾಯಿತು.

ಪತ್ರಕರ್ತರ ಗುರಾಣಿಯಾದ ‘ಅಲೆಜ್’ ಒಂದು ಕಾಲಕ್ಕೆ ನ್ಯಾಯಪೀಠದ ಮುಂದೆ ವಿಧಿವತ್ತಾಗಿ ಹೇಳುವ ಮಾತಾಗಿತ್ತು. ಈಗ ಅದಕ್ಕೆ ಪುರಾವೆ ಇನ್ನೂ ಬಂದಿಲ್ಲ ಎಂಬ ವಾಸನೆ ಅಂಟಿಕೊಂಡಿದೆ. ಇದಕ್ಕೆ ಕನ್ನಡದಲ್ಲಿ ‘ಎನ್ನಲಾದ’, ‘ಎಂದು ಆಪಾದಿಸಲಾದ’ ಎಂದೆಲ್ಲ ಹೆಣಗುತ್ತೇವೆ. ಆಡುಮಾತು ಇದನ್ನು ಎರಡೇ ಅಕ್ಷರದಲ್ಲಿ ಮುಗಿಸುತ್ತದೆ. ‘ಕದ್ದ’ ಎಂದರೆ ಹೇಳಿದವನು ಹೊಣೆ. ‘ಕದ್ದನಂತೆ’ ಎಂದರೆ ಹೊಣೆ ಬೇರೆಯವರದು, ತಾನು ಕಂಡಿಲ್ಲ. ‘ಅಂತೆ ಕಂತೆ’ ಎಂದು ಹೀಗಳೆಯುವ ಈ ಪ್ರತ್ಯಯ ಎಷ್ಟು ಪ್ರಾಮಾಣಿಕವಾದದ್ದು ಎಂಬುದನ್ನು ಗಮನಿಸಿದವರು ಕಡಿಮೆ. ಗ್ರಂಥಸ್ಥ ಗದ್ಯದ ಮರ್ಯಾದೆಗೆ ಅದು ಒಗ್ಗದೆಂದು ಪತ್ರಿಕೆಗಳು ದೂರವಿಟ್ಟವು.

ಇನ್ನು ಒಲಿಸುವ ಮಾತು. ಹೊರಿಸುವುದಕ್ಕೂ ಒಲಿಸುವುದಕ್ಕೂ ಏನು ಸಂಬಂಧ ಎನ್ನುವವರು ‘ಕನ್ವಿನ್ಸ್’ ಪದವನ್ನು ಬಿಡಿಸಿ ನೋಡಬೇಕು. ಅದರೊಳಗೆ ಗೆಲ್ಲು ಎಂಬ ಲ್ಯಾಟಿನ್ ಧಾತುವಿದೆ. ಅಪರಾಧಿಯೆಂದು ಸಾಬೀತುಪಡಿಸುವ ‘ಕನ್ವಿಕ್ಟ್’ ಅದೇ ಧಾತುವಿನ ಅವಳಿ. ಹಿಂದೆ ಎರಡಕ್ಕೂ ಗಡಿಯೇ ಇರಲಿಲ್ಲ. 1611ರ ಇಂಗ್ಲಿಷ್ ಬೈಬಲಿನಲ್ಲಿ, ತನ್ನಲ್ಲಿ ಪಾಪವಿದೆಯೆಂದು ಯಾರು ಸ್ಥಾಪಿಸಬಲ್ಲಿರಿ ಎಂದು ಯೇಸು ಕೇಳುವಾಗ ಬರುವ ಪದ ಕನ್ವಿನ್ಸ್. 1881ರ ಪರಿಷ್ಕರಣದಲ್ಲಿ ಆ ಜಾಗಕ್ಕೆ ಕನ್ವಿಕ್ಟ್ ಬಂತು. ಶೇಕ್ಸ್‌ಪಿಯರನ ಲೇಡಿ ಮ್ಯಾಕ್‌ಬೆತ್ ರಾಜನ ಕಾವಲಿನವರನ್ನು ಮದ್ಯದಿಂದ ‘ಕನ್ವಿನ್ಸ್’ ಮಾಡುತ್ತೇನೆ ಎನ್ನುತ್ತಾಳೆ. ವಾದದಿಂದಲ್ಲ, ಅಮಲಿನಿಂದ ಮಲಗಿಸಿ ಗೆಲ್ಲುವುದು! ಎದುರಾಳಿಯನ್ನು ಮಣಿಸುವ ಈ ಪದ ಮೆಲ್ಲಗೆ ಅವನ ಬುದ್ಧಿಯನ್ನು ಮಣಿಸುವ ಪದವಾಯಿತು.

‘ಪರ್ಸ್ವೇಡ್’ ಹುಟ್ಟಿದ್ದು ಗೆಲುವಿನಿಂದಲ್ಲ, ಸಿಹಿಯಿಂದ. ಅದರ ಲ್ಯಾಟಿನ್ ಧಾತುವೂ, ಇಂಗ್ಲಿಷಿನ ‘ಸ್ವೀಟ್’ ಪದವೂ, ನಮ್ಮ ‘ಸ್ವಾದು’ವೂ ಒಂದೇ ಕುಲ. ಕೇಳುವವನಿಗೆ ಮಾತನ್ನು ರುಚಿಸುವಂತೆ ಮಾಡುವುದು ಪರ್ಸ್ವೇಡ್. ಹಳೆಯ ಬಳಕೆಯಲ್ಲಿ ಕನ್ವಿನ್ಸ್ ಆದವನು ನಂಬುತ್ತಾನೆ, ಪರ್ಸ್ವೇಡ್ ಆದವನು ಎದ್ದು ಹೊರಡುತ್ತಾನೆ. ಬೀಡಿ ಕೆಟ್ಟದ್ದೆಂದು ವೈದ್ಯರು ಕನ್ವಿನ್ಸ್ ಮಾಡಿರುತ್ತಾರೆ. ಬಿಡುವಂತೆ ಪರ್ಸ್ವೇಡ್ ಮಾಡಲು ಮೊಮ್ಮಗಳೇ ಬರಬೇಕಾಗುತ್ತದೆ. ಅಮೆರಿಕದವರು ಇತ್ತೀಚಿನ ದಶಕಗಳಲ್ಲಿ ಈ ಗೆರೆಯನ್ನು ಅಳಿಸಿದ್ದಾರೆ. ಕನ್ನಡದಲ್ಲಿ ಗೆರೆ ಇನ್ನೂ ಹಸಿಯಾಗಿದೆ. ಮನಗಾಣಿಸುವುದು ಬೇರೆ, ಮನವೊಲಿಸುವುದು ಬೇರೆ. ಒಂದರಲ್ಲಿ ಕಾಣುವುದಿದೆ, ಇನ್ನೊಂದರಲ್ಲಿ ಒಲವಿದೆ.

ಕೆಳಗಿಳಿದಂತೆ ಸಿಹಿಯ ಬಣ್ಣ ಬದಲಾಗುತ್ತದೆ. ‘ಕೋಕ್ಸ್’ ಎಂದರೆ ರಮಿಸುವುದು, ಪುಸಲಾಯಿಸುವುದು. ಮೂಲದಲ್ಲಿ ಅದು ಮುಗ್ಧ, ದಡ್ಡ ಎಂಬ ಹೆಸರುಪದ. ದಡ್ಡನನ್ನಾಗಿ ಮಾಡುವುದೇ ಕೋಕ್ಸ್ ಮಾಡುವುದು. ‘ಕಜೋಲ್’ ಇದರ ಬೆಣ್ಣೆ ಹಚ್ಚುವ ತಂಗಿ. ‘ಅಬೆಟ್’ ಮಾತ್ರ ಭಯಂಕರ. ನಾಯಿಗಳನ್ನು ಮೇಲೆ ಬಿಟ್ಟು ಕಚ್ಚಿಸುವುದು ಅದರ ಹಳೆಯ ಫ್ರೆಂಚ್ ಅರ್ಥ. ಕನ್ನಡದ ‘ಛೂ ಬಿಡು’ ಅದಕ್ಕೆ ಎರಕ ಹೊಯ್ದಂತಿದೆ. ಕೋರ್ಟಿನ ಕನ್ನಡದಲ್ಲಿ ಅದು ‘ದುಷ್ಪ್ರೇರಣೆ’, ಪತ್ರಿಕೆಗಳಲ್ಲಿ ‘ಕುಮ್ಮಕ್ಕು’. ನೆರವು, ಕೂಡುಬಲ ಎಂಬರ್ಥದಲ್ಲಿ ಪಾರಸಿಯ ದಾರಿಯಿಂದ ಬಂದ ತುರ್ಕಿ ಪದ ಈಗ ಬರೀ ಕೇಡಿನ ನೆರವಾಗಿ ಉಳಿದಿದೆ.

‘ಇಂಡ್ಯೂಸ್’ ಎಂದರೆ ಒಳಗೆ ಕರೆದುಕೊಂಡು ಬರುವುದು, ಏನಾದರೊಂದು ಆಸೆ ತೋರಿಸಿ. ಮೋಸಗಾರನಿಗೆ ‘ಫೋರ್ ಟ್ವೆಂಟಿ’ ಎಂಬ ಬಿರುದು ಕೊಡುವಾಗ ನಾವು ಈ ಕ್ರಿಯಾಪದವನ್ನೇ ನೆನೆಯುತ್ತಿರುತ್ತೇವೆ. 1860ರ ಭಾರತೀಯ ದಂಡ ಸಂಹಿತೆಯ 420ನೆಯ ಕಲಮಿನ ಜೀವ ಇರುವುದು ಆ ಪದದಲ್ಲಿ. ವಂಚಿಸಿ, ಸ್ವತ್ತನ್ನು ಕೊಡುವಂತೆ ಪ್ರೇರೇಪಿಸುವುದು ಅಲ್ಲಿನ ಅಪರಾಧ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ಅದು 318ನೆಯ ಕಲಮಿಗೆ ಹೋಗಿದೆ. ಬೈಗುಳ ಮಾತ್ರ ಹಳೆಯ ಸಂಖ್ಯೆಯನ್ನು ಬಿಟ್ಟಿಲ್ಲ.

ಹೊರಿಸುವ ಮಾತು ಮತ್ತು ಒಲಿಸುವ ಮಾತು ಒಂದೇ ಕೋಣೆಯಲ್ಲಿ ಎದುರಾಗುವ ಜಾಗವೊಂದಿದೆ. ಅದು ಠಾಣೆ. ಆಪಾದಿತನ ಹೆಗಲ ಮೇಲೆ ಕೈಯಿಟ್ಟು, ಒಪ್ಪಿಕೊಂಡುಬಿಡು, ಕಡಿಮೆಯಲ್ಲಿ ಮುಗಿಸಿಕೊಡುತ್ತೇವೆ ಎನ್ನುವ ದನಿ ಗದರುವ ದನಿಗಿಂತ ಮೆತ್ತಗಿರುತ್ತದೆ. 1872ರ ಸಾಕ್ಷ್ಯ ಅಧಿನಿಯಮ ಬರೆದವರು ಇದನ್ನು ಬಲ್ಲವರಾಗಿದ್ದರು. ಅಧಿಕಾರದಲ್ಲಿರುವವರ ಬೆದರಿಕೆಯಿಂದ ಬಂದ ತಪ್ಪೊಪ್ಪಿಗೆಯನ್ನಷ್ಟೇ ಅಲ್ಲ, ಪ್ರೇರಣೆಯಿಂದ, ವಾಗ್ದಾನದಿಂದ ಬಂದದ್ದನ್ನೂ 24ನೆಯ ಕಲಮು ತಳ್ಳಿಹಾಕಿತು. ಅಲ್ಲಿ ಬೆದರಿಕೆಗಿಂತ ಮೊದಲು ಬರುವ ಪದವೇ ‘ಇಂಡ್ಯೂಸ್‌ಮೆಂಟ್’. ಮುಂದಿನ ಕಲಮು ಪೊಲೀಸ್ ಅಧಿಕಾರಿಯ ಮುಂದೆ ಒಪ್ಪಿಕೊಂಡದ್ದು ಸಾಕ್ಷ್ಯವೇ ಅಲ್ಲವೆಂದಿತು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮ 22 ಮತ್ತು 23ನೆಯ ಕಲಮುಗಳಲ್ಲಿ ಇದನ್ನು ಉಳಿಸಿಕೊಂಡು, ಬಲವಂತ ಎಂಬ ಮಾತನ್ನೂ ಸೇರಿಸಿದೆ.

ಆದರೂ ‘ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ವಾಕ್ಯ ವಾರಕ್ಕೆ ನಾಲ್ಕು ಸಲ ಅಚ್ಚಾಗುತ್ತದೆ. ಬೆಳಿಗ್ಗೆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಅದನ್ನು ಓದಿದವರು ಪಕ್ಕದವರಿಗೆ ದಾಟಿಸುವಾಗ ‘ಒಪ್ಪಿಕೊಂಡನಂತೆ’ ಎನ್ನುತ್ತಾರೆ. ವರದಿಯಲ್ಲಿ ಇಲ್ಲದಿದ್ದ ಆ ‘ಅಂತೆ’ಯನ್ನು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.